ಬೆಳಕಿನ ಎರಡು ಅಳತೆಗಳು ಮತ್ತು ಸರ್ ಸಿ.ವಿ. ರಾಮನ್

ಶಾಲೆಯಲ್ಲಿ ನಾನು ಬೋಧಿಸುವುದು ಉರ್ದು ಮತ್ತು ಕನ್ನಡ. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಈ ಲೇಖನ ಬರೆಯಲು ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ ಕಾರಣಳಾದಳು. ಮನೆಯಲ್ಲಿ ಉರ್ದು ಮಾತನಾಡಿ ಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಓದುವ ಈ ಹುಡುಗಿ ಒಂದು ದಿನ ಪುಸ್ತಕ ಹಿಡಿದುಕೊಂಡು ಬಂದು, ತರಂಗದ ಪಾಠದಲ್ಲಿ ಬರುವ ‘ಪಾರ’ ಎಂಬ ಪದದ ಅರ್ಥ ಕೇಳಿದಳು. ಉರ್ದುವಿನಲ್ಲಿ ‘ಪಾರ್’ ಎಂದರೆ ಹೊಳೆಯ ಆಚೆ ದಡ. ಅಲೆಗೂ ಆಚೆ ದಡಕ್ಕೂ ಏನು ಸಂಬಂಧ ಎಂಬುದು ಅವಳ ಅನುಮಾನ. ಎರಡೂ ಒಂದೇ ಪದ, ಅದರ ಅರ್ಥ ಎಲ್ಲೆ, ಕೊನೆಯ ಗಡಿ ಎಂದು ನಾನು ಹೇಳಿದೆ. ಅಲೆಯು ತನ್ನ ಮಧ್ಯದ ಸ್ಥಾನದಿಂದ ಎಷ್ಟು ದೂರದವರೆಗೆ ಹೋಗಬಲ್ಲದೋ ಆ ಎಲ್ಲೆಯೇ ಪಾರ.

ಅಷ್ಟಕ್ಕೆ ಅವಳು ಸುಮ್ಮನಾಗಲಿಲ್ಲ. ಬೆಳಕಿಗೆ ಪಾರವೂ ಇದೆ, ತರಂಗದೂರವೂ ಇದೆ ಎಂದು ಪುಸ್ತಕದಲ್ಲಿದೆ. ಹಾಗಾದರೆ ಬೆಳಕನ್ನು ಜೋರು ಮಾಡಿದರೆ ಅದರ ಬಣ್ಣವೂ ಬದಲಾಗಬೇಕಲ್ಲವೇ ಎಂದು ಕೇಳಿದಳು. ಈ ಪ್ರಶ್ನೆಗೆ ಭಾಷಾ ಶಿಕ್ಷಕರ ಬಳಿ ಉತ್ತರವಿರಲಿಲ್ಲ. ನಮ್ಮ ವಿಜ್ಞಾನ ಶಿಕ್ಷಕರೊಂದಿಗೆ ಕುಳಿತು ಓದುತ್ತಾ ಹೋದಾಗ ಉತ್ತರ ಒಂದು ದೊಡ್ಡ ಬದುಕಿನ ಬಳಿಗೆ ಕರೆದುಕೊಂಡು ಹೋಯಿತು. ಆ ಬದುಕು ಸರ್ ಚಂದ್ರಶೇಖರ ವೆಂಕಟರಾಮನ್ ಅವರದು. ಬೆಳಕು ಮಂದವಾಗುವುದು ಬೇರೆ, ಬೆಳಕಿನ ಬಣ್ಣ ಬದಲಾಗುವುದು ಬೇರೆ ಎಂಬ ತಿಳಿವಳಿಕೆಯ ಮೇಲೆಯೇ ಅವರ ಜಗತ್ಪ್ರಸಿದ್ಧ ಸಂಶೋಧನೆ ನಿಂತಿದೆ. ಅವರ ಜೀವನದ ಕೊನೆಯ 37 ವರ್ಷಗಳು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮನ್ ಅವರು 1888ರ ನವೆಂಬರ್ 7ರಂದು ತಮಿಳುನಾಡಿನ ತಿರುಚಿರಾಪಳ್ಳಿ ಬಳಿಯ ತಿರುವಾನೈಕಾವಲ್‌ನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಯವರು ಶಿಕ್ಷಕರು. ಮುಂದೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಬೋಧಿಸಿದರು. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ, ಆದರೆ ಪುಸ್ತಕಗಳಿದ್ದವು ಮತ್ತು ಒಂದು ಪಿಟೀಲು ಇತ್ತು. ಪುಸ್ತಕದಿಂದ ಬೆಳಕಿನ ಕಡೆಗೂ, ಪಿಟೀಲಿನಿಂದ ನಾದದ ಕಡೆಗೂ ಬಾಲಕನ ಮನಸ್ಸು ಹರಿಯಿತು. ಬೆಳಕು ಮತ್ತು ನಾದ ಎರಡೂ ಅಲೆಗಳೇ ಎಂಬುದನ್ನು ನೆನಪಿಟ್ಟರೆ ಅವರ ಇಡೀ ಜೀವನದ ಕೆಲಸ ಒಂದೇ ದಾರದಲ್ಲಿ ಪೋಣಿಸಿದಂತೆ ಕಾಣುತ್ತದೆ.

ಹನ್ನೊಂದನೇ ವಯಸ್ಸಿಗೆ ಅವರು ಮೆಟ್ರಿಕ್ಯುಲೇಷನ್ ಮುಗಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಪದವಿಯನ್ನು ಮೊದಲ ಸ್ಥಾನದೊಂದಿಗೆ, ಭೌತಶಾಸ್ತ್ರದ ಚಿನ್ನದ ಪದಕದೊಂದಿಗೆ ಪಡೆದರು. 1907ರಲ್ಲಿ ಎಂ.ಎ. ಆಯಿತು. ಉನ್ನತ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ಹೋಗಬೇಕೆಂದು ಹಿರಿಯರು ಬಯಸಿದರೂ, ಈ ಕೃಶ ಶರೀರ ಅಲ್ಲಿನ ಚಳಿಯನ್ನು ತಾಳಲಾರದು ಎಂದು ಮದರಾಸಿನ ಸರ್ಕಾರಿ ವೈದ್ಯಾಧಿಕಾರಿಗಳು ತಡೆದರು. ಹೀಗಾಗಿ ಅವರ ವಿದ್ಯೆಯೆಲ್ಲಾ ಈ ನೆಲದಲ್ಲೇ ಆಯಿತು.

ಕಾಲೇಜಿನಲ್ಲಿದ್ದಾಗಲೇ, 1906ರ ನವೆಂಬರ್‌ನಲ್ಲಿ, ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅವರ ಮೊದಲ ಪ್ರಬಂಧ ಪ್ರಕಟವಾಯಿತು. ಆಗ ಅವರಿಗೆ ಹದಿನೆಂಟು ವರ್ಷ. ಪ್ರಬಂಧದ ವಿಷಯ, ಕಿರಿದಾದ ಸಂದಿಯ ಮೂಲಕ ಬೆಳಕು ಓರೆಯಾಗಿ ಬಂದಾಗ ಮೂಡುವ ಬೆಳಕು-ಕತ್ತಲೆಯ ಪಟ್ಟೆಗಳು. ಈ ಪಟ್ಟೆಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ನಾವು ಬೆಳಕಿನ ಎರಡು ಅಳತೆಗಳನ್ನು ಮೊದಲು ತಿಳಿಯಬೇಕು.

ಪಾರ ಮತ್ತು ತರಂಗದೂರ

ಲಕ್ಷ್ಮಣತೀರ್ಥದ ನಿಂತ ನೀರಿನಲ್ಲಿ ಅಥವಾ ಕಬಿನಿಯ ಹಿನ್ನೀರಿನ ಅಂಚಿನಲ್ಲಿ ಕುಳಿತು ಅಂಗೈಯಿಂದ ನೀರನ್ನು ಒಂದೇ ಲಯದಲ್ಲಿ ತಟ್ಟಿರಿ. ಅಲೆಗಳು ಸಾಲಾಗಿ ಹೊರಡುತ್ತವೆ. ಒಂದು ಅಲೆಯ ಉಬ್ಬಿನಿಂದ ಮುಂದಿನ ಅಲೆಯ ಉಬ್ಬಿಗೆ ಇರುವ ದೂರವೇ ತರಂಗದೂರ. ಕೆಲವು ಪುಸ್ತಕಗಳಲ್ಲಿ ಇದನ್ನೇ ತರಂಗಾಂತರ ಎಂದು ಬರೆದಿರುತ್ತಾರೆ. ಉರ್ದುವಿನಲ್ಲಿ ತೂಲ್-ಎ-ಮೌಜ್ ಎನ್ನುತ್ತಾರೆ. ತೂಲ್ ಎಂದರೆ ಉದ್ದ, ಮೌಜ್ ಎಂದರೆ ಅಲೆ. ನಮ್ಮ ಕನ್ನಡದ ‘ಮೋಜು’ ಬಂದಿರುವುದೂ ಈ ಮೌಜ್‌ನಿಂದಲೇ. ಇನ್ನು ನೀರಿನ ಸಮಮಟ್ಟದಿಂದ ಉಬ್ಬಿನ ತುದಿಯವರೆಗಿನ ಎತ್ತರವೇ ಪಾರ, ಅಂದರೆ ಕಂಪನದ ವಿಸ್ತಾರ. ಅದೇ ಲಯದಲ್ಲಿ ಸ್ವಲ್ಪ ಜೋರಾಗಿ ತಟ್ಟಿದರೆ ಅಲೆ ಎತ್ತರವಾಗುತ್ತದೆ, ಉಬ್ಬುಗಳ ನಡುವಿನ ದೂರ ಬದಲಾಗುವುದಿಲ್ಲ. ಬೇಗ ಬೇಗ ತಟ್ಟಿದರೆ ಉಬ್ಬುಗಳು ಹತ್ತಿರವಾಗುತ್ತವೆ. ಎರಡು ಅಳತೆಗಳು, ಎರಡು ಬೇರೆ ಬೇರೆ ಕಾರಣಗಳು.

ಬೆಳಕಿನಲ್ಲಿಯೂ ಹೀಗೆಯೇ. ತರಂಗದೂರ ನಮ್ಮ ಕಣ್ಣಿಗೆ ಬಣ್ಣವಾಗಿ ಕಾಣುತ್ತದೆ, ಪಾರವು ಪ್ರಕಾಶವಾಗಿ ಕಾಣುತ್ತದೆ. ನೇರಳೆ ಬೆಳಕಿನ ತರಂಗದೂರ ಸುಮಾರು 400 ನ್ಯಾನೊಮೀಟರ್, ಕೆಂಪಿನದು ಸುಮಾರು 700. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೊಮೀಟರ್‌ಗಳಿವೆ. ಅಂದರೆ 500 ನ್ಯಾನೊಮೀಟರಿನ ನೀಲಿಮಿಶ್ರಿತ ಹಸಿರು ಬೆಳಕಿನ ಎರಡು ಸಾವಿರ ಅಲೆಗಳು ಒಂದೇ ಮಿಲಿಮೀಟರಿನಲ್ಲಿ ಹಿಡಿಸುತ್ತವೆ. ಪಾರ ಎರಡರಷ್ಟಾದರೆ ಪ್ರಕಾಶ ನಾಲ್ಕರಷ್ಟಾಗುತ್ತದೆ, ಪಾರ ಅರ್ಧವಾದರೆ ಪ್ರಕಾಶ ಕಾಲು ಭಾಗವಾಗುತ್ತದೆ. ಪ್ರಕಾಶವು ಪಾರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಪುಸ್ತಕದಲ್ಲಿ ಬರೆಯುವುದು ಇದನ್ನೇ.

ಇಲ್ಲಿ ವಿದ್ಯಾರ್ಥಿಗಳು ಒಂದು ಎಚ್ಚರಿಕೆ ವಹಿಸಬೇಕು. ಪುಸ್ತಕದ ಚಿತ್ರದಲ್ಲಿ ಬೆಳಕಿನ ಅಲೆಯನ್ನು ನೀರಿನ ಅಲೆಯಂತೆ ಮೇಲೆ ಕೆಳಗೆ ಬಳುಕಿಸಿ ಬರೆದಿರುತ್ತಾರೆ. ಆದರೆ ಬೆಳಕಿನಲ್ಲಿ ಯಾವ ವಸ್ತುವೂ ಮೇಲೆ ಕೆಳಗೆ ಓಡಾಡುವುದಿಲ್ಲ. ಅಲ್ಲಿ ಏರಿಳಿಯುವುದು ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಬಲ. ಆದುದರಿಂದ ಬೆಳಕಿನ ತರಂಗದೂರವನ್ನು ಉದ್ದದ ಅಳತೆಯಲ್ಲಿ ಹೇಳಬಹುದು, ಪಾರವನ್ನು ಹಾಗೆ ಹೇಳಲಾಗದು. ಅದು ಕ್ಷೇತ್ರದ ಬಲದ ಅಳತೆ.

ಬೆಳಕಿನ ಈ ಅಧ್ಯಯನಕ್ಕೆ ದೀರ್ಘ ಪರಂಪರೆಯಿದೆ. ಸುಮಾರು ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇಬ್ನ್ ಅಲ್-ಹೈಸಮ್ ಅವರು ‘ಕಿತಾಬ್ ಅಲ್-ಮನಾಝಿರ್’ ಗ್ರಂಥದಲ್ಲಿ, ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದಿಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಪ್ರಯೋಗಗಳ ಸಹಿತ ವಾದಿಸಿದರು. ಅವರ ನಂತರ ಕಮಾಲುದ್ದೀನ್ ಅಲ್-ಫಾರಿಸಿ ಅವರು ನೀರು ತುಂಬಿದ ಗಾಜಿನ ಗೋಳವನ್ನು ಮಳೆಹನಿಯಂತೆ ಬಳಸಿ ಕಾಮನಬಿಲ್ಲನ್ನು ವಿವರಿಸಿದರು. ಆದರೆ ಬೆಳಕು ಅಲೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಅದನ್ನು ಪ್ರಯೋಗದಿಂದ ತೋರಿಸಿದವರು 1801ರ ಸುಮಾರಿಗೆ ಇಂಗ್ಲೆಂಡಿನ ಥಾಮಸ್ ಯಂಗ್. ಎರಡು ಅಲೆಗಳ ಉಬ್ಬಿಗೆ ಉಬ್ಬು ಸೇರಿದರೆ ಪಾರ ಹೆಚ್ಚಿ ಬೆಳಕಾಗುತ್ತದೆ, ಉಬ್ಬಿಗೆ ತಗ್ಗು ಸೇರಿದರೆ ಒಂದನ್ನೊಂದು ಅಳಿಸಿ ಕತ್ತಲಾಗುತ್ತದೆ.

ತರುಣ ರಾಮನ್ ಅಧ್ಯಯನ ಮಾಡಿದ ಪಟ್ಟೆಗಳೂ ಇದೇ ಬಗೆಯವು. ಪಟ್ಟೆಗಳ ಬೆಳಕು-ಕತ್ತಲೆಯನ್ನು ನಿರ್ಧರಿಸುವುದು ಸೇರಿಕೊಂಡ ಅಲೆಗಳ ಪಾರ, ಪಟ್ಟೆಗಳ ಅಗಲವನ್ನು ನಿರ್ಧರಿಸುವುದು ತರಂಗದೂರ. ಎರಡು ಬೆರಳುಗಳನ್ನು ಕಣ್ಣಿನ ಹತ್ತಿರ ಹಿಡಿದು, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು, ದೂರದ ದೀಪವನ್ನು ನೋಡಿದರೆ ತೆಳುವಾದ ಕಪ್ಪು ಗೆರೆಗಳು ಯಾರಿಗಾದರೂ ಕಾಣುತ್ತವೆ. (ಸೂರ್ಯನನ್ನು ಎಂದಿಗೂ ಹೀಗೆ ನೋಡಬಾರದು.)

ಕಲ್ಕತ್ತೆಯಲ್ಲಿ ಎರಡು ಬದುಕು

ಆ ಕಾಲದಲ್ಲಿ ವಿಜ್ಞಾನವನ್ನು ನಂಬಿ ಜೀವನ ನಡೆಸುವುದು ಕಷ್ಟವಾಗಿತ್ತು. 1907ರಲ್ಲಿ ರಾಮನ್ ಅವರು ಹಣಕಾಸು ಸೇವೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಅದೇ ವರ್ಷ ಲೋಕಸುಂದರಿಯವರನ್ನು ವಿವಾಹವಾಗಿ ಕಲ್ಕತ್ತೆಯಲ್ಲಿ ಸಹಾಯಕ ಮಹಾಲೇಖಪಾಲರ ಹುದ್ದೆಗೆ ಸೇರಿದರು. ಒಳ್ಳೆಯ ಸಂಬಳ, ಗೌರವದ ಅಧಿಕಾರ. ಆದರೆ ಬೌಬಜಾರ್ ಬೀದಿಯ 210ನೇ ಸಂಖ್ಯೆಯ ಕಟ್ಟಡದ ಮೇಲಿನ ಒಂದು ಫಲಕ ಅವರ ಕಣ್ಣಿಗೆ ಬಿತ್ತು. ಅದು ಡಾ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಪ್ರಸಾರ ಸಂಘ. ಪ್ರಯೋಗಾಲಯವಿತ್ತು, ಬಳಸುವವರು ವಿರಳವಾಗಿದ್ದರು. ಕಚೇರಿಗೆ ಮುನ್ನ ಬೆಳಿಗ್ಗೆ ಅಲ್ಲಿ, ಕಚೇರಿಯ ನಂತರ ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಅಲ್ಲಿ. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾದ ಕಾಲವನ್ನು ಬಿಟ್ಟರೆ ಹತ್ತು ವರ್ಷ ಹೀಗೆಯೇ ನಡೆಯಿತು.

1917ರಲ್ಲಿ ಸರ್ ಆಶುತೋಷ್ ಮುಖರ್ಜಿಯವರು ಅವರನ್ನು ಕಲ್ಕತ್ತಾ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆದರು. ಸಂಬಳ ಸರ್ಕಾರಿ ಕೆಲಸಕ್ಕಿಂತ ಕಡಿಮೆ. ಮುಂದೆ ಬಹಳ ಎತ್ತರಕ್ಕೆ ಏರಬಹುದಾಗಿದ್ದ ಸರ್ಕಾರಿ ಹುದ್ದೆಯನ್ನು ಬಿಟ್ಟು ಅವರು ಪ್ರಾಧ್ಯಾಪಕರಾದರು.

ಈ ವರ್ಷಗಳಲ್ಲಿ ಅವರು ಪಿಟೀಲು, ವೀಣೆ, ಮೃದಂಗ, ತಬಲಗಳ ನಾದವನ್ನು ಅಳೆದರು. ಸಾಮಾನ್ಯ ಡೋಲಿನ ಚರ್ಮದಿಂದ ಹೊರಡುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗ, ತಬಲಗಳ ನಡುವೆ ಹಚ್ಚುವ ಕಪ್ಪು ಲೇಪದ ಭಾರದಿಂದ ಆ ಸ್ವರಗಳು ಶ್ರುತಿಗೆ ಹೊಂದಿಕೊಳ್ಳುತ್ತವೆ ಎಂದು ತೋರಿಸಿ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಹೋದ್ಯೋಗಿಯೊಡನೆ ಬರೆದರು. ನಮ್ಮ ಕಸುಬುದಾರರು ತಲೆಮಾರುಗಳಿಂದ ಕೈಯಲ್ಲಿ ಬಲ್ಲ ವಿದ್ಯೆಗೆ ಲೆಕ್ಕದ ಆಧಾರ ಸಿಕ್ಕಿತು. ನಮ್ಮ ವಿಷಯಕ್ಕೂ ಇಲ್ಲೊಂದು ಪಾಠವಿದೆ. ತಬಲವನ್ನು ಜೋರಾಗಿ ಬಡಿದರೆ ಸದ್ದು ದೊಡ್ಡದಾಗುತ್ತದೆ. ಆದರೆ ಶ್ರುತಿ ಏರಿಸಬೇಕಾದರೆ ಬಡಿದರೆ ಸಾಲದು, ಸುತ್ತಿಗೆ ಹಿಡಿದು ಚರ್ಮವನ್ನು ಬಿಗಿ ಮಾಡಬೇಕು. ಸದ್ದಿನ ಗಾತ್ರ ಪಾರದ್ದು, ಶ್ರುತಿ ಅಲೆಯ ಉದ್ದಕ್ಕೆ ಸೇರಿದ್ದು. ಬೆಳಕಿನಲ್ಲಿ ಪ್ರಕಾಶಕ್ಕೂ ಬಣ್ಣಕ್ಕೂ ಇರುವ ವ್ಯತ್ಯಾಸ ಇದೇ.

ಸಮುದ್ರದ ನೀಲಿ

1921ರಲ್ಲಿ ರಾಮನ್ ಅವರು ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕಾಗಿ ಮೊದಲ ಬಾರಿ ವಿದೇಶಕ್ಕೆ ಹೋದರು. ಹಡಗಿನ ಮೇಲಿಂದ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ಕಂಡು ಅವರ ಮನಸ್ಸಿನಲ್ಲಿ ಪ್ರಶ್ನೆ ಎದ್ದಿತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಎಂಬುದು ಆಗ ಲಾರ್ಡ್ ರ‍್ಯಾಲಿಯಂಥ ಹಿರಿಯ ವಿಜ್ಞಾನಿಯ ಅಭಿಪ್ರಾಯವಾಗಿತ್ತು. ಹಿಂದಿರುಗುವಾಗ ‘ನಾರ್ಕುಂಡ’ ಹಡಗಿನಲ್ಲಿ ರಾಮನ್ ಅವರು ತಮ್ಮ ಬಳಿಯಿದ್ದ ಪುಟ್ಟ ನಿಕೋಲ್ ಪಟ್ಟಕದ ಮೂಲಕ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ಪ್ರತಿಬಿಂಬ ಹೋಯಿತು, ನೀಲಿ ಹೋಗಲಿಲ್ಲ, ಇನ್ನೂ ಚೆನ್ನಾಗಿ ಕಾಣಿಸಿತು. ಹಾಗಾದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅವರು ತೀರ್ಮಾನಿಸಿದರು. ಮುಂಬಯಿ ಬಂದರು ತಲುಪಿದಾಗ ‘ನೇಚರ್’ ಪತ್ರಿಕೆಗೆ ಪತ್ರ ಸಿದ್ಧವಾಗಿತ್ತು. ನೀರು ಕೆಂಪು ಬೆಳಕನ್ನು ಸ್ವಲ್ಪ ಹೀರಿಕೊಳ್ಳುವುದೂ ಈ ನೀಲಿಗೆ ಕಾರಣ ಎಂಬುದನ್ನು ಇಂದಿನ ವಿಜ್ಞಾನ ಸೇರಿಸಿ ಹೇಳುತ್ತದೆ.

ಚದುರುವಿಕೆಯಲ್ಲಿ ತರಂಗದೂರದ ಪಾತ್ರ ದೊಡ್ಡದು. ತರಂಗದೂರ ಚಿಕ್ಕದಾದಷ್ಟೂ ಬೆಳಕು ಹೆಚ್ಚು ಚದುರುತ್ತದೆ. ರ‍್ಯಾಲಿಯವರ ನಿಯಮದ ಪ್ರಕಾರ ಲೆಕ್ಕ ಹಾಕಿದರೆ 450 ನ್ಯಾನೊಮೀಟರಿನ ನೀಲಿಯು 700 ನ್ಯಾನೊಮೀಟರಿನ ಕೆಂಪಿಗಿಂತ ಸುಮಾರು ಆರು ಪಟ್ಟು ಹೆಚ್ಚು ಚದುರುತ್ತದೆ. ಆಕಾಶ ನೀಲಿಯಾಗಿರುವುದು, ಹೆಗ್ಗಡದೇವನಕೋಟೆಯ ಕಡೆಯಿಂದ ನೋಡಿದರೆ ವಯನಾಡಿನ ದಿಕ್ಕಿನ ದೂರದ ಬೆಟ್ಟಗಳು ನೀಲಿಯಾಗಿ ಕಾಣುವುದು, ಮುಳುಗುವ ಸೂರ್ಯ ಕೆಂಪಾಗುವುದು ಎಲ್ಲವೂ ಇದರಿಂದಲೇ. ಆದರೆ ಇಲ್ಲಿ ಬೆಳಕು ಬಣ್ಣ ಬದಲಿಸುತ್ತಿಲ್ಲ. ಬಿಳಿ ಬೆಳಕಿನಲ್ಲಿ ಮೊದಲೇ ಇದ್ದ ನೀಲಿ ಹೆಚ್ಚು ಚದುರಿ ನಮ್ಮ ಕಣ್ಣಿಗೆ ಬರುತ್ತಿದೆ, ಅಷ್ಟೆ. ಚದುರಿದ ಬೆಳಕಿನ ತರಂಗದೂರವೇ ಬದಲಾಗಬಹುದೇ? ಮುಂದಿನ ಏಳು ವರ್ಷ ರಾಮನ್ ಅವರ ತಂಡವನ್ನು ಕಾಡಿದ ಪ್ರಶ್ನೆ ಇದು.

1928ರ ಫೆಬ್ರವರಿ 28

1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್ ಅವರು ನೀರಿನಲ್ಲಿ ಚದುರಿದ ಬೆಳಕಿನ ಜೊತೆಗೆ, ಇರಬಾರದ ಬಣ್ಣದ ಒಂದು ಮಂಕು ಬೆಳಕನ್ನು ಕಂಡರು. ದ್ರವದಲ್ಲಿ ಕಲ್ಮಶವಿರಬಹುದೆಂದು ಮತ್ತೆ ಮತ್ತೆ ಶುದ್ಧಿ ಮಾಡಿದರು. ಬೆಳಕು ಹೋಗಲಿಲ್ಲ. ನಂತರ ಎಸ್. ವೆಂಕಟೇಶ್ವರನ್ ಅವರು ಶುದ್ಧ ಗ್ಲಿಸರಿನ್‌ನಲ್ಲಿ ಚದುರಿದ ಬೆಳಕು ನೀಲಿಯ ಬದಲು ಹಸಿರಾಗಿರುವುದನ್ನು ಗಮನಿಸಿದರು. ರಾಮನ್ ಅವರು ಕೆ.ಎಸ್. ಕೃಷ್ಣನ್ ಅವರೊಂದಿಗೆ ಸುಮಾರು ಅರವತ್ತು ದ್ರವಗಳನ್ನು ಪರೀಕ್ಷಿಸಿದರು. ಎಲ್ಲದರಲ್ಲಿಯೂ ಆ ಮಂಕು ಬೆಳಕು ಇತ್ತು.

ಅವರ ಪ್ರಯೋಗವನ್ನು ಹೈಸ್ಕೂಲ್ ವಿದ್ಯಾರ್ಥಿಯೂ ಅರ್ಥ ಮಾಡಿಕೊಳ್ಳಬಲ್ಲ. ಸೂರ್ಯನ ಬೆಳಕನ್ನು ಮಸೂರಗಳಿಂದ ಒಟ್ಟುಗೂಡಿಸಿ, ನೇರಳೆ-ನೀಲಿಯನ್ನು ಮಾತ್ರ ಬಿಡುವ ಗಾಜಿನ ಮೂಲಕ ದ್ರವಕ್ಕೆ ಹಾಯಿಸಿದರು. ನೋಡುವವರ ಕಣ್ಣಿನ ಮುಂದೆ, ನೇರಳೆ-ನೀಲಿಯನ್ನು ಸಂಪೂರ್ಣ ತಡೆದು ಹಸಿರು-ಹಳದಿಯನ್ನು ಮಾತ್ರ ಬಿಡುವ ಇನ್ನೊಂದು ಗಾಜನ್ನು ಇಟ್ಟರು. ಈಗ ಏನೂ ಕಾಣಬಾರದು. ದ್ರವವು ಬೆಳಕನ್ನು ಎಷ್ಟೇ ಮಂದ ಮಾಡಲಿ, ನೇರಳೆ ನೇರಳೆಯಾಗಿಯೇ ಉಳಿಯುತ್ತದೆ, ಎರಡನೇ ಗಾಜು ಅದನ್ನು ತಡೆಯುತ್ತದೆ. ಆದರೆ ದ್ರವದಲ್ಲಿ ತೆಳುವಾದ ಬೆಳಕಿನ ಜಾಡು ಕಂಡಿತು. ಅಂದರೆ ಪಾರ ಮಾತ್ರ ಕಡಿಮೆಯಾಗಿಲ್ಲ, ತರಂಗದೂರವೇ ಬದಲಾಗಿದೆ. ನೇರಳೆಯಾಗಿ ಒಳಹೋದ ಬೆಳಕಿನ ಒಂದು ಸಣ್ಣ ಪಾಲು ಬೇರೆ ಬಣ್ಣವಾಗಿ ಹೊರಬಂದಿದೆ.

1928ರ ಫೆಬ್ರವರಿ 28ರಂದು ಪಾದರಸ ದೀಪದ ಬೆಳಕಿನಿಂದ, ರೋಹಿತದರ್ಶಕದ ಮೂಲಕ ನೋಡಿದಾಗ ಅನುಮಾನಕ್ಕೆ ಎಡೆಯಿಲ್ಲದಂತೆ ಹೊಸ ಗೆರೆಗಳು ಸ್ಪಷ್ಟವಾಗಿ ಕಂಡವು. ಉದಾಹರಣೆಗೆ, ಪಾದರಸ ದೀಪದ 435.8 ನ್ಯಾನೊಮೀಟರಿನ ನೀಲಿ ಗೆರೆಯನ್ನು ಬೆಂಜೀನ್ ದ್ರವಕ್ಕೆ ಹಾಯಿಸಿದರೆ ಸುಮಾರು 455.5 ನ್ಯಾನೊಮೀಟರ್ ಬಳಿ ಹೊಸ ಗೆರೆ ಬರುತ್ತದೆ. ವ್ಯತ್ಯಾಸ ಇಪ್ಪತ್ತು ನ್ಯಾನೊಮೀಟರಿಗೂ ಕಡಿಮೆ. ಆ ಗೆರೆಯ ಪ್ರಕಾಶವಂತೂ ಒಳಹೋದ ಬೆಳಕಿನ ಸುಮಾರು ಕೋಟಿಯಲ್ಲೊಂದು ಪಾಲು. ಅಷ್ಟು ಮಂಕಾದ ಗೆರೆ ಭೌತಶಾಸ್ತ್ರದಲ್ಲಿ ಹೊಸ ಅಧ್ಯಾಯವನ್ನೇ ತೆರೆಯಿತು.

ಇದಕ್ಕೆ ಕಾರಣವೇನು? ಬೆಳಕು ಅಲೆಯೂ ಹೌದು, ಶಕ್ತಿಯ ಸಣ್ಣ ಸಣ್ಣ ಪೊಟ್ಟಣಗಳೂ ಹೌದು ಎಂದು 1905ರಲ್ಲಿ ಐನ್‌ಸ್ಟೈನ್ ಅವರು ತಿಳಿಸಿದ್ದರು. ಈ ಪೊಟ್ಟಣವೇ ಫೋಟಾನ್. ಬೆಳಕು ಮಂದವಾದರೆ ಫೋಟಾನ್‌ಗಳ ಸಂಖ್ಯೆ ಕಡಿಮೆಯಾಗುತ್ತದೆ, ಆದರೆ ಒಂದೊಂದು ಫೋಟಾನಿನ ಶಕ್ತಿ ಮೊದಲಿನಷ್ಟೇ ಇರುತ್ತದೆ. ಆ ಶಕ್ತಿಯನ್ನು ನಿರ್ಧರಿಸುವುದು ತರಂಗದೂರ. ಫೋಟಾನು ಅಣುವಿಗೆ ತಾಗಿದಾಗ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅಣುವಿನ ಕಂಪನಕ್ಕೆ ಕೊಟ್ಟು ಹೊರಟರೆ, ಉಳಿದ ಶಕ್ತಿಗೆ ತಕ್ಕಂತೆ ಅದರ ತರಂಗದೂರ ಉದ್ದವಾಗುತ್ತದೆ. ಕೆಲವೊಮ್ಮೆ ಕಂಪಿಸುತ್ತಿರುವ ಅಣುವಿನಿಂದ ಶಕ್ತಿ ಪಡೆದು ತರಂಗದೂರ ಗಿಡ್ಡವಾಗುವುದೂ ಉಂಟು. ಎಷ್ಟು ಶಕ್ತಿ ಕೊಡಬೇಕು ಎಂಬುದು ಆಯಾ ಅಣುವಿನ ರಚನೆಯನ್ನು ಅವಲಂಬಿಸಿದೆ. ಹೀಗಾಗಿ ಹೊಸ ಗೆರೆಗಳು ಪ್ರತಿಯೊಂದು ವಸ್ತುವಿನ ಬೆರಳಚ್ಚು ಇದ್ದಂತೆ. ಇದೇ ರಾಮನ್ ಪರಿಣಾಮ.

ಅದೇ ಕಾಲದಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬ ವಿಜ್ಞಾನಿಗಳೂ ಸ್ಫಟಿಕದಲ್ಲಿ ಇದನ್ನೇ ಕಂಡರು. ಮೊದಲು ಪ್ರಕಟಿಸಿದವರು ರಾಮನ್. ಅವರು ಈ ಸಂಶೋಧನೆಯನ್ನು ವಿಸ್ತಾರವಾಗಿ ಸಭೆಯ ಮುಂದಿಟ್ಟದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು ಸೆಂಟ್ರಲ್ ಕಾಲೇಜಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಗೆರೆಗಳು ಕಂಡು ಆಗ ಹದಿನೇಳು ದಿನಗಳಾಗಿದ್ದವು. 1929ರಲ್ಲಿ ಅವರಿಗೆ ‘ಸರ್’ ಪದವಿ, 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವಿಜ್ಞಾನದಲ್ಲಿ ಈ ಗೌರವ ಪಡೆದ ಏಷ್ಯಾದ ಮೊದಲಿಗರು ಅವರೇ. ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವಾಗಿ ನಮ್ಮ ಶಾಲೆಗಳಲ್ಲಿ ಆಚರಿಸುತ್ತಿದ್ದೇವೆ.

ಬೆಂಗಳೂರಿನ ವರ್ಷಗಳು

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. 1935-36ರಲ್ಲಿ ಎನ್.ಎಸ್. ನಾಗೇಂದ್ರನಾಥ್ ಅವರೊಂದಿಗೆ ಸೇರಿ, ದ್ರವದೊಳಗೆ ಹಾಯುವ ಶ್ರವಣಾತೀತ ಶಬ್ದದ ಅಲೆಗಳು ಬೆಳಕಿನ ಅಲೆಗಳನ್ನು ಹೇಗೆ ಹಲವು ದಿಕ್ಕಿಗೆ ಬಗ್ಗಿಸುತ್ತವೆ ಎಂಬುದನ್ನು ವಿವರಿಸಿದರು. ಬಾಲ್ಯದ ನಾದ ಮತ್ತು ಬೆಳಕು ಇಲ್ಲಿ ಒಂದಾದವು. ಆಡಳಿತದ ಭಿನ್ನಾಭಿಪ್ರಾಯಗಳಿಂದ 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರೂ 1948ರವರೆಗೆ ಪ್ರಾಧ್ಯಾಪಕರಾಗಿ ಮುಂದುವರಿದರು. ಆನಂತರ ಮೈಸೂರು ಸಂಸ್ಥಾನ ನೀಡಿದ್ದ ನಿವೇಶನದಲ್ಲಿ ತಮ್ಮದೇ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. 1954ರಲ್ಲಿ ಭಾರತರತ್ನ ಗೌರವ ಬಂದಿತು.

ಮಹಾಪುರುಷರ ಜೀವನ ಬರೆಯುವಾಗ ಹೊಗಳಿಕೆ ಮಾತ್ರ ಬರೆದರೆ ಮಕ್ಕಳಿಗೆ ಉಪಯೋಗವಿಲ್ಲ. ಮುಂಬಯಿಯಲ್ಲಿ ಪದವಿ ಪಡೆದ ಕಮಲಾ ಭಾಗವತ್ ಎಂಬ ತರುಣಿ 1933ರಲ್ಲಿ ಸಂಶೋಧನೆಗಾಗಿ ಅರ್ಜಿ ಹಾಕಿದಾಗ, ಹೆಣ್ಣು ಎಂಬ ಕಾರಣಕ್ಕೆ ರಾಮನ್ ಅವರು ಪ್ರವೇಶ ನಿರಾಕರಿಸಿದರು. ಆಕೆ ಹಿಂದಿರುಗದೆ ನ್ಯಾಯ ಕೇಳಿದರು. ಷರತ್ತುಗಳ ಮೇಲೆ ಪ್ರವೇಶ ದೊರೆಯಿತು. ಒಂದು ವರ್ಷದ ಕೆಲಸ ನೋಡಿದ ಮೇಲೆ ರಾಮನ್ ಅವರಿಗೆ ತೃಪ್ತಿಯಾಯಿತು, ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಕಮಲಾ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌.ಡಿ. ಪಡೆದು ಕಮಲಾ ಸೊಹೊನಿ ಎಂದು ಪ್ರಸಿದ್ಧರಾದರು. 1940ರಲ್ಲಿ ಬಂದ ಅಣ್ಣಾ ಮಣಿ ಅವರು ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳು ಸೂಸುವ ಮಂಕು ಬೆಳಕನ್ನು ಗಂಟೆಗಟ್ಟಲೆ ಛಾಯಾಚಿತ್ರ ಹಿಡಿದು ಅಧ್ಯಯನ ಮಾಡಿದರು. ಎಂ.ಎಸ್ಸಿ. ಪದವಿ ಇಲ್ಲವೆಂದು ಅವರಿಗೆ ಪಿಎಚ್‌.ಡಿ. ಕೊಡಲಿಲ್ಲ. ಆದರೂ ಅವರು ಭಾರತದ ಹವಾಮಾನ ಇಲಾಖೆಯಲ್ಲಿ ಉಪಕರಣಗಳನ್ನು ರೂಪಿಸಿ ಉನ್ನತ ಹುದ್ದೆಗೆ ಏರಿದರು. ಕೋಟಿಯಲ್ಲೊಂದು ಪಾಲಿನ ಬೆಳಕನ್ನೂ ಕಡೆಗಣಿಸದ ಕಣ್ಣು, ಎದುರು ನಿಂತ ಪ್ರತಿಭೆಯನ್ನು ಗುರುತಿಸಲು ಒಂದು ವರ್ಷ ತೆಗೆದುಕೊಂಡಿತು. ಹೆಣ್ಣುಮಕ್ಕಳ ತಂದೆತಾಯಂದಿರು ಮತ್ತು ಶಿಕ್ಷಕರಾದ ನಾವು ಇದನ್ನು ಯೋಚಿಸಬೇಕು.

ಕೊನೆಯ ವರ್ಷಗಳಲ್ಲಿ ರಾಮನ್ ಅವರು ಹೂಗಳ ಬಣ್ಣ ಮತ್ತು ಕಣ್ಣು ಬಣ್ಣವನ್ನು ಗ್ರಹಿಸುವ ರೀತಿಯ ಅಧ್ಯಯನದಲ್ಲಿ ತೊಡಗಿದ್ದರು. 1968ರಲ್ಲಿ ದೃಷ್ಟಿಯ ಕುರಿತ ಅವರ ಗ್ರಂಥ ಹೊರಬಂದಿತು. 1970ರ ಅಕ್ಟೋಬರ್ 2ರಂದು ವಾಡಿಕೆಯಂತೆ ಗಾಂಧಿ ಸ್ಮಾರಕ ಉಪನ್ಯಾಸ ನೀಡಿದರು. ನವೆಂಬರ್ 21ರಂದು, 82ನೇ ವಯಸ್ಸಿನಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲಿಯೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಸಮಾಧಿಯ ಕಟ್ಟಡವಿಲ್ಲ, ಒಂದು ಮರವಿದೆ.

ರಾಮನ್ ಅವರು ಕಂಡ ಮಂಕು ಗೆರೆಗಳನ್ನು ಇಂದು ಲೇಸರ್ ದೀಪದಿಂದ ಕ್ಷಣಮಾತ್ರದಲ್ಲಿ ಪಡೆಯಬಹುದು. ಔಷಧಿಯ ಶುದ್ಧತೆ, ರತ್ನದ ಅಸಲಿತನ, ಹಳೆಯ ಚಿತ್ರಗಳ ಬಣ್ಣದ ಪರೀಕ್ಷೆಗೆ ಅವು ಬಳಕೆಯಲ್ಲಿವೆ. 2021ರ ಫೆಬ್ರವರಿಯಲ್ಲಿ ಮಂಗಳ ಗ್ರಹಕ್ಕೆ ಇಳಿದ ‘ಪರ್ಸಿವಿಯರೆನ್ಸ್’ ವಾಹನದಲ್ಲಿಯೂ ಅಲ್ಲಿನ ಕಲ್ಲುಗಳನ್ನು ಪರೀಕ್ಷಿಸಲು ರಾಮನ್ ಉಪಕರಣಗಳಿವೆ.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ

ಕೊನೆಗೆ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆ. ವಿಜ್ಞಾನ ಶಿಕ್ಷಕರು ಟಾರ್ಚಿನ ಮುಂದೆ ಕೆಂಪು ಬಣ್ಣದ ಪಾರದರ್ಶಕ ಹಾಳೆ ಕಟ್ಟಿ ಗೋಡೆಯ ಮೇಲೆ ಬೆಳಕು ಬಿಟ್ಟರು. ಅದೇ ರೀತಿಯ ಇನ್ನೊಂದು ಟಾರ್ಚಿನ ಬೆಳಕನ್ನೂ ಅದೇ ಜಾಗಕ್ಕೆ ಬಿಟ್ಟರು. ಪ್ರಕಾಶ ಹೆಚ್ಚಿತು. ಕೆಂಪು ಕೆಂಪಾಗಿಯೇ ಇತ್ತು, ಹಳದಿಯಾಗಲಿಲ್ಲ. ಗೋಡೆಯಿಂದ ಹಿಂದೆ ಸರಿದರು. ಬೆಳಕು ಮಂದವಾಯಿತು, ಬಣ್ಣ ಅದೇ.

ಆದರೂ ಹುಡುಗಿ ಬಿಡಲಿಲ್ಲ. ಕರೆಂಟ್ ವೋಲ್ಟೇಜ್ ಕಡಿಮೆಯಾದಾಗ ತಮ್ಮ ಅಜ್ಜಿಯ ಮನೆಯ ಹಳೆಯ ತಂತಿ ಬಲ್ಬು ಮಂದವಾಗುವುದಷ್ಟೇ ಅಲ್ಲ, ಕೆಂಪಗೂ ಆಗುತ್ತಿತ್ತು ಎಂದಳು. ಇದು ಸರಿಯಾದ ಅವಲೋಕನ. ಅಲ್ಲಿ ಆಗುವುದೇನೆಂದರೆ, ತಂತಿಯ ಕಾವು ಇಳಿದಾಗ ಅದು ಸೂಸುವ ಬೆಳಕಿನ ಮಿಶ್ರಣವೇ ಬದಲಾಗುತ್ತದೆ. ಎಲ್ಲ ಬಣ್ಣಗಳೂ ಕಡಿಮೆಯಾಗುತ್ತವೆ, ನೀಲಿ ಬಹಳ ಹೆಚ್ಚು ಕಡಿಮೆಯಾಗುತ್ತದೆ, ಕೆಂಪು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಯಾವ ಒಂದು ಬಣ್ಣದ ಅಲೆಯೂ ತನ್ನ ಉದ್ದವನ್ನು ಬದಲಿಸಿಕೊಂಡಿಲ್ಲ. ಪಾರ ಕಡಿಮೆಯಾದದ್ದರಿಂದ ಬಣ್ಣ ಬದಲಾಯಿತೆಂದು ತೋರಿದರೂ ನಿಜವಾದ ಕಾರಣ ತಂತಿಯ ಕಾವು.

ಈ ಉತ್ತರ ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಎರಡು ಅಂಕ ತರುವುದಿಲ್ಲ. ಆದರೆ ಅಜ್ಜಿಯ ಮನೆಯ ಬಲ್ಬನ್ನು ನೋಡಿ ಪಾಠವನ್ನು ಅನುಮಾನಿಸಿದ ಆ ಬುದ್ಧಿಯೂ, ಸಮುದ್ರವನ್ನು ನೋಡಿ ರ‍್ಯಾಲಿಯವರನ್ನು ಅನುಮಾನಿಸಿದ ಬುದ್ಧಿಯೂ ಒಂದೇ ಜಾತಿಯವು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ನಮ್ಮ ಮನೆಗಳಲ್ಲಿ ಇಂಥ ಪ್ರಶ್ನೆ ಕೇಳುವ ಮಕ್ಕಳಿದ್ದಾರೆ. ವಿಜ್ಞಾನ ಕಷ್ಟ,ಖರ್ಚು ಹೆಚ್ಚು, ಅದರಲ್ಲೂ ಹೆಣ್ಣುಮಗಳಿಗೆ ಏಕೆ ಎಂದು ಎಸ್‌.ಎಸ್‌.ಎಲ್‌.ಸಿ. ನಂತರ ಅವರನ್ನು ಆ ದಾರಿಯಿಂದ ತಿರುಗಿಸುವವರು ಹಲವು ಬಾರಿ ನಾವೇ. ಮನೆಮಾತು ಉರ್ದು, ಓದು ಕನ್ನಡ, ಮುಂದೆ ಪರೀಕ್ಷೆ ಇಂಗ್ಲಿಷ್ ಎಂಬ ಭಯವೂ ಇದೆ. ‘ಪಾರ್’ ಮತ್ತು ‘ಪಾರ’ ಒಂದೇ ಎಂದು ತಿಳಿದ ದಿನ ಆ ಹುಡುಗಿಗೆ ಅರ್ಧ ಭಯ ಹೋಯಿತು.

ಆ ವಿದ್ಯಾರ್ಥಿನಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಳ್ಳುವ ಆಸೆಯಿದೆ, ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಈ ಸಂಚಿಕೆ ಅವಳ ಮನೆಗೂ ತಲುಪುತ್ತದೆ. ಅವಳ ಹಿರಿಯರು ಇದನ್ನು ಓದಲಿ ಎಂಬುದು ನನ್ನ ಆಶಯ. ಪ್ರಶ್ನೆ ಕೇಳುವ ಮಕ್ಕಳಿಗೆ ದಾರಿ ಬಿಡುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.